ಚಿಗರಿಗೆ ಗೊತ್ತಿದ್ದದ್ದು

ಅನಗವಾಡಿ
ಸೋಮವಾರ, ೧೭ ನವೆಂಬರ್ ೨೦೨೫

ಐಶ್ವರ್ಯಾನ ಅಪ್ಪಾರಿಗೆ,

ಗಂಗಾಂಬಿಕಾ ಮಾಡುವ ನಮಸ್ಕಾರಗಳು. ನಮಸ್ಕಾರ ರೂಢಿಗೆ ಬರೆದದ್ದು. ಸಿಟ್ಟು ಇನ್ನೂ ಇಳಿದಿಲ್ಲ.

ಲೋಕಾಪುರದಲ್ಲಿ ಗಾಡಿ ಇಳಿದು ನಾನು ತವರಿಗೆ ಬಂದು ನಾಲ್ಕು ದಿನವಾಯಿತು. ಅಷ್ಟರಲ್ಲಿ ನೀವು ಚನಮಲ್ಲಪ್ಪಣ್ಣನ ಫೋನಿಗೆ ಎರಡು ಸಲ ಫೋನ್ ಮಾಡಿದಿರಿ. ಎರಡೂ ಸಲ "ಅಕಿ ಅರಾಮ ಅದಾಳೇನು?" ಅಂತ ಕೇಳಿ, ಅಣ್ಣ ಬಾಯಿ ತೆರೆಯುವುದರೊಳಗೆ "ಆತು ಆತು, ಇಡಲಿ?" ಅಂದು ಇಟ್ಟುಬಿಟ್ಟಿರಿ. ಅಣ್ಣನಿಗೆ ಬೇಜಾರು. ನನಗೆ ಈಗ ಕಾರಣ ಗೊತ್ತಿದೆ. ಅದಕ್ಕೇ ಫೋನು ಬಿಟ್ಟು ಪತ್ರ ಬರೆಯುತ್ತಿದ್ದೇನೆ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಗಂಡನಿಗೆ ಪತ್ರವೇ ಎಂದು ಅತ್ತಿಗೆ ನಗುತ್ತಿದ್ದಾಳೆ.

ಬನಹಟ್ಟಿಯಲ್ಲಿ ನೀವು ಕಂಡಕಂಡವರ ಮುಂದೆ "ನಾಯಿ ಸಲುವಾಗಿ ಸಿಟ್ಟ ಮಾಡ್ಕೊಂಡು ಹೋಗ್ಯಾಳ" ಅನ್ನುತ್ತಿದ್ದೀರಂತೆ. ಐಶ್ವರ್ಯಾ ಹೇಳಿದಳು. ನಾಯಿಯ ಸಲುವಾಗಿ ಅಲ್ಲ. ಯಾತರ ಸಲುವಾಗಿ ಅನ್ನುವುದನ್ನು ಮೊದಲಿನಿಂದ ಬರೆಯುತ್ತೇನೆ. ಕನ್ನಡಕ ಹಾಕಿಕೊಂಡು ಓದಿರಿ. ಮಗ್ಗ ನಿಲ್ಲಿಸಿ ಓದಿರಿ.

ನಮ್ಮ ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಕೂಡಿ ಹೋದದ್ದೆಂದರೆ ಯಾರದೋ ಮದುವೆ, ಯಾರದೋ ಮಣ್ಣು, ಯಾರದೋ ಮಗುವಿನ ಜವಳ. ಅದನ್ನು ನೋಡಿಯೇ ಮಗಳು ಅಳಿಯ ಕೂಡಿ ಹೊನ್ನಾವರದ ಕಡೆ ಸಮುದ್ರದ ದಂಡೆಗೊಂದು ಲಾಡ್ಜು ಗೊತ್ತುಮಾಡಿದರು, ಗಾಡಿ ಗೊತ್ತುಮಾಡಿದರು, ದೀಪಾವಳಿ ಮುಗಿದ ಮೇಲೆ ಎರಡು ದಿನ ಹೋಗಿಬನ್ನಿ ಎಂದರು. ನಾನು ಹೊಳೆದಂಡೆಯಲ್ಲಿ ಹುಟ್ಟಿದವಳು. ಆದರೂ ಆಚೆ ದಂಡೆಯೇ ಇಲ್ಲದ ನೀರನ್ನು ನೋಡಿರಲಿಲ್ಲ. ಎಂಟು ದಿನ ಮೊದಲೇ ಸೀರೆ ತೆಗೆದಿಟ್ಟಿದ್ದೆ. ನೀವೇ ನೇಯ್ದ ಬದನೆಕಾಯಿ ಬಣ್ಣದ್ದು.

ಆಗ ನೀವು ಅಂದಿರಿ, "ಚಿಗರಿ ಬರದಿದ್ರ ನಾನೂ ಬರೂದಿಲ್ಲ."

ನಾನು ಏನೆಲ್ಲ ಹೇಳಿದೆ! ನಾಯಿಯನ್ನು ಚನಮಲ್ಲಪ್ಪಣ್ಣ ನೋಡಿಕೊಳ್ಳುತ್ತಾನೆ ಎಂದೆ. ಇಲ್ಲವಾದರೆ ಮರಿಯಿದ್ದಾಗ ಅದನ್ನು ನಿಮಗೆ ಕೊಟ್ಟ ಮುಧೋಳದ ಶಿವಯೋಗೆಪ್ಪನ ಹತ್ತಿರವೇ ಎರಡು ದಿನ ಬಿಡೋಣ ಎಂದೆ. ನೀವು ನನ್ನ ಮುಖ ನೋಡಿ ನಕ್ಕು "ಹೂಂ" ಅಂದಿರಿ. ಒಪ್ಪಿದರು ಅಂದುಕೊಂಡೆ. ಮಂಗಳವಾರ ಮುಂಜಾನೆ ಬಂದು ನೋಡಿದರೆ ಗಾಡಿಯ ಹಿಂದಿನ ಸೀಟಿನಲ್ಲಿ ನನಗಿಂತ ಮೊದಲೇ ಅವಳು ಕುಳಿತಿದ್ದಳು.

ಮುಧೋಳ ನಾಯಿಯ ಕಾಲುಗಳಿಗೆ ಮಡಚಿಕೊಳ್ಳುವುದು ಗೊತ್ತಿಲ್ಲ. ನೀವು ಡ್ರೈವರ್ ಅಮೋಲನ ಪಕ್ಕ ಕಾಲು ಚಾಚಿ ಕುಳಿತಿರಿ. ನಾನು ಹಿಂದೆ ಧಾರವಾಡದವರೆಗೆ ಅವಳ ಮೊಣಕಾಲನ್ನು ಪಕ್ಕೆಲುಬಿಗೆ ತಿವಿಸಿಕೊಂಡು ಕುಳಿತೆ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಮುಂಜಾನೆ ತಿಂದ ಹಾಲು ರೊಟ್ಟಿಯನ್ನೆಲ್ಲ ಆ ಬದನೆಕಾಯಿ ಬಣ್ಣದ ಸೀರೆಯ ಮೇಲೆ ಕಾರಿಕೊಂಡಳು. "ಗಾಡಿ ನಿಂದರಸ್ರೀ!" ಎಂದು ನಾನು ಚೀರಿದ್ದಕ್ಕೆ ಅಮೋಲ ಗಾಬರಿಯಾಗಿ ಗಾಡಿಯನ್ನು ಗಟಾರಕ್ಕೇ ಇಳಿಸುವವನಿದ್ದ. ನೀವು ಮಾತ್ರ ತಿರುಗಿಯೂ ನೋಡಲಿಲ್ಲ, ಅಡವಿ ನೋಡುತ್ತ ಕುಳಿತಿದ್ದಿರಿ. ಗಾಡಿ ನಿಂತ ಮೇಲೆ ಕೇಳಿದಿರಿ, "ಯಾಕ, ಚಹಾ ಕುಡಿಯೂದೈತೇನು?"

ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಏನಾದರೂ ಇದ್ದಿದ್ದರೆ ಎಸೆಯುತ್ತಿದ್ದೆ.

ಲಾಡ್ಜಿನಲ್ಲಿ ಆದದ್ದು ನಿಮಗೆ ನೆನಪಿದೆ. ಬಾಗಿಲಲ್ಲೇ ತಡೆದರು, ನಾಯಿಗೆ ಜಾಗವಿಲ್ಲ ಎಂದರು. ಹೇಳಿದ್ದಕ್ಕೆಲ್ಲ ನೀವು ತಲೆಯಾಡಿಸಿದಿರಿ, ಒಂದು ಮಾತು ವಾದಿಸಲಿಲ್ಲ. ವಾಂತಿಯ ಸೀರೆ ಉಟ್ಟುಕೊಂಡು ನಿಂತ ನಾನು ನಿಮ್ಮನ್ನು ಎಲ್ಲರೆದುರು ಬೈದೆ. ಇಲ್ಲೊಂದು ಒಪ್ಪಿಕೊಳ್ಳಬೇಕು. ನಿಮ್ಮ ಹೂಂ ಮೇಲೆ ಪೂರ್ತಿ ನಂಬಿಕೆ ಬರದೆ, ಹಿಂದಿನ ದಿನ ಆ ಲಾಡ್ಜಿಗೆ ಫೋನ್ ಮಾಡಿ, "ನಮ್ಮವರು ನಾಯಿ ತರ್ತಾರ, ಒಳಗ ಬಿಡಬ್ಯಾಡ್ರಿ" ಎಂದು ಹೇಳಿದವಳು ನಾನೇ. ನಿಮಗೆ ಅಲ್ಲಿಂದ ಫೋನು ಬರುತ್ತದೆ, ನೀವು ಅವಳನ್ನು ಬಿಟ್ಟು ಬರುತ್ತೀರಿ ಅಂದುಕೊಂಡಿದ್ದೆ. ಅವರು ಫೋನ್ ಮಾಡಿದ್ದೂ ನಿಜವಂತೆ. ನೀವು "ಆತು ಆತು, ಇಡಲಿ?" ಎಂದಿದ್ದಿರಂತೆ.

ಕೊನೆಗೆ ಜಾಗ ಸಿಕ್ಕಿದ್ದು ಆ ಮೀನುಗಾರ ಅಜ್ಜಿಯ ಹಿತ್ತಲ ಕೋಣೆಯಲ್ಲಿ. ತತ್ತಿ ಕೂಡ ಒಳಗೆ ಬರದ ಮನೆಯವಳು ನಾನು, ಅಂಗಳದ ತುಂಬ ಒಣಹಾಕಿದ ಮೀನು ದಾಟಿ ಸ್ನಾನಕ್ಕೆ ಹೋದೆ. ನಾನು ಬರುವಷ್ಟರಲ್ಲಿ ನಿಮ್ಮ ಚಿಗರಿ, ಹುಟ್ಟಿದಾಗಿನಿಂದ ಹಾಲು ರೊಟ್ಟಿ ಬಿಟ್ಟು ಬೇರೆ ಅರಿಯದವಳು, ಅರ್ಧ ಚಾಪೆ ಮೀನು ಮುಗಿಸಿ ಬಾಯಿ ನೆಕ್ಕುತ್ತಿದ್ದಳು. ನಾನು ಅಜ್ಜಿಯ ಮುಂದೆ ಕೈಮುಗಿದು ನಿಂತೆ. ಅವಳು "ತಿನ್ಲಿ ಬಿಡಿ ಅಮ್ಮ, ಅದರ ಹೊಟ್ಟೆ ಅಲ್ವಾ?" ಎಂದು ನಕ್ಕಳು. ನೀವೂ ನಕ್ಕಿರಿ. ನಗದೆ ಇದ್ದವಳು ನಾನೊಬ್ಬಳೇ.

ಬುಧವಾರ ಮುಂಜಾನೆಯದನ್ನು ನೀವು ನಿಮ್ಮ ಕಡೆಯಿಂದಷ್ಟೇ ಕಂಡಿದ್ದೀರಿ. ನನ್ನ ಕಡೆಯಿಂದ ಹೇಗಿತ್ತು ಕೇಳಿರಿ.

ನಾನು ಉಸುಕಿನ ಮೇಲೆ ಕುಳಿತಿದ್ದೆ. ಚಿಗರಿ ನನ್ನಿಂದ ಹತ್ತು ಮಾರು ದೂರ. ಅವಳಿಗೆ ಸಮುದ್ರವೆಂದರೆ ಜೀವಭಯ. ತೆರೆ ಬಂದರೆ ಹಿಂದೆ ಓಡುವುದು, ಹೋದರೆ ಮುಂದೆ ಬಂದು ಬೊಗಳುವುದು, ಒಂದು ಕಾಲು ಕೂಡ ಒದ್ದೆ ಮಾಡಿಕೊಂಡಿರಲಿಲ್ಲ. ನೀವು ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗಿಳಿದಿರಿ. ಮೊಣಕಾಲಾಯಿತು, ತೊಡೆಯಾಯಿತು. ಕೆಂಪು ಬಾವುಟದ ಹತ್ತಿರ ನಿಂತ ಕಾವಲಿನವನು ಸೀಟಿ ಊದಿದ. ನೀರಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀವು ಇನ್ನೂ ಮುಂದೆ ಹೋದಿರಿ. ಅವನು ಮತ್ತೆ ಊದಿದ, ಕೈಬೀಸಿ ಕೂಗಿದ. ನಾನೂ ಎದ್ದು ಕೂಗಿದೆ. ನಿಮ್ಮದು ಅದೇ ಬೆನ್ನು. ಬೇಕಂತಲೇ ಮಾಡುತ್ತಿದ್ದಾರೆ, ನನ್ನ ಮೇಲಿನ ಸಿಟ್ಟಿಗೆ ಮಾಡುತ್ತಿದ್ದಾರೆ ಅಂದುಕೊಂಡೆ.

ಆಗ ಚಿಗರಿ ನೀರಿಗೆ ಬಿದ್ದಳು. ಆ ಅಂಜುಬುರುಕಿ! ಒಂದು ತೆರೆ ಅವಳನ್ನು ಉರುಳಿಸಿತು, ಎದ್ದಳು. ಇನ್ನೊಂದು ತೆರೆ ಮುಖಕ್ಕೆ ಹೊಡೆಯಿತು, ಅದನ್ನೂ ದಾಟಿ ಈಜಿ ಹೋಗಿ ನಿಮ್ಮ ಅಂಗಿಯ ತುದಿ ಹಿಡಿದು ಎಳೆದಳು. ನೀವು ಆಗ ತಿರುಗಿದಿರಿ. ನಾನು ಕೂಗಿದ್ದಕ್ಕಲ್ಲ.

ದಂಡೆಗೆ ಬಂದಾಗ ಕಾವಲಿನವನು ಉರಿದುಬಿದ್ದ. "ಸೀಟಿ ಕೇಳೂದಿಲ್ವೇನ್ರೀ ನಿಮಗೆ?" ಎಂದ.

ನೀವು ನಕ್ಕು ಹೇಳಿದಿರಿ, "ಹೌದ್ರಿ, ಭಾಳ ಛಲೋ ಐತ್ರಿ."

ಅವನು ನಿಮ್ಮನ್ನು ಹುಚ್ಚರೆಂದು ತಿಳಿದು ಹೋದ. ನಾನು ನಿಮ್ಮ ಮುಖವನ್ನೇ ನೋಡುತ್ತ ನಿಂತೆ. ಆ ನಗು ನನಗೆ ಗೊತ್ತು. ಎಷ್ಟೋ ವರ್ಷದಿಂದ ನನ್ನ ಪ್ರತಿಯೊಂದು ಮಾತಿಗೂ ನೀವು ಕೊಡುವ ನಗು ಅದು.

ಸಂಜೆ ನೀವು ದಂಡೆಯಲ್ಲಿ ಕುಳಿತಾಗ ನಾನು ಹಿಂದೆ ಬಂದು ನಿಂತು "ರೀ" ಎಂದೆ. ಮತ್ತೆ ಗಟ್ಟಿಯಾಗಿ "ರೀ" ಎಂದೆ. ಜೀವಮಾನದಲ್ಲಿ ಮೊದಲ ಸಲ ನಿಮ್ಮ ಹೆಸರು ಹಿಡಿದು "ಮಲ್ಲಿನಾಥ" ಎಂದೂ ಕರೆದೆ. ಚಿಗರಿ ತಿರುಗಿ ನನ್ನನ್ನು ನೋಡಿದಳು, ಮೂಗಿನಿಂದ ನಿಮ್ಮ ಅಂಗೈ ಮುಟ್ಟಿದಳು. ನೀವು ತಿರುಗಿದಿರಿ. ನನ್ನ ಮುಖ ನೋಡಿದ ಕೂಡಲೇ ನಿಮಗೆ ತಿಳಿದುಹೋಯಿತು ಅನ್ನಿಸುತ್ತದೆ. ಪಕ್ಕದ ಉಸುಕು ಸವರಿ ಕೂಡ್ರು ಎಂದಿರಿ. ಆಮೇಲೆ ಕೇಳಿದಿರಿ:

"ಗಂಗಾ, ಸಮುದ್ರ ಭಾಳ ಸಪ್ಪಳ ಮಾಡತೈತಿ ಅಂತಿದ್ರು. ಮಾಡಾಕತ್ತೈತೇನು?"

ನಾನು ತಲೆಯಾಡಿಸಿದೆ.

"ನನಗ ಎದಿಯಾಗ ಗುದ್ದಿದಂಗ ಆಕ್ಕೈತಿ. ಕಿವಿಯಾಗ ಏನೂ ಇಲ್ಲ" ಎಂದಿರಿ.

ಏಳು ವರ್ಷ! ಮೊದಲು ಎಡಗಿವಿ, ಆಮೇಲೆ ಬಲಗಿವಿ. ಎದುರಿಗೆ ಕುಳಿತರೆ ತುಟಿ ನೋಡಿ ಅರ್ಧ ತಿಳಿಯುತ್ತದೆ, ಉಳಿದ ಅರ್ಧಕ್ಕೆ ನಗುತ್ತೇನೆ ಎಂದಿರಿ. ಮಗ್ಗದ ಮೇಲೆ ಕೈಯಿಟ್ಟರೆ ಲಾಳಿ ಹೇಗೆ ಓಡುತ್ತಿದೆ ಎನ್ನುವುದು ತಿಳಿಯುತ್ತದೆ ಎಂದಿರಿ. "ಲಾಳಿ ಸಪ್ಪಳ ಕೇಳದ ನೇಕಾರ ಏನ ನೇಕಾರ, ಯಾರಿಗಿ ಹೇಳ್ಲಿ?" ಎಂದಿರಿ. ಆದರೆ ಒಬ್ಬರಿಗೆ ಹೇಳಿದ್ದಿರಿ. ಮೂರು ವರ್ಷದ ಹಿಂದೆ ಮುಧೋಳದ ಶಿವಯೋಗೆಪ್ಪನಿಗೆ ಹೇಳಿ, ಚುರುಕಾದ ಮರಿ ಆರಿಸಿಕೊಂಡು, ಯಾರಾದರೂ ಕರೆದರೆ ಅಂಗೈ ಮುಟ್ಟು, ಹಿಂದಿನಿಂದ ಗಾಡಿ ಬಂದರೆ ಅಂಗಿ ಹಿಡಿ ಎಂದು ಕಲಿಸಿದ್ದಿರಿ. ಹಾಗಾಗಿ ಶಿವಯೋಗೆಪ್ಪನಿಗೆ ಗೊತ್ತು. ನಾಲ್ಕು ಕಾಲಿನ ಚಿಗರಿಗೆ ಗೊತ್ತು. ದಿನಾ ನಿಮ್ಮ ಮುಂದೆ ರೊಟ್ಟಿ ಬಡಿಸುವವಳಿಗೆ ಗೊತ್ತಿಲ್ಲ.

ನನಗೇಕೆ ಹೇಳಲಿಲ್ಲ ಎಂದು ಕೇಳಿದಾಗ ನೀವು ಕೊಟ್ಟ ಉತ್ತರವನ್ನು ಇಲ್ಲಿ ಹಾಗೇ ಬರೆಯುತ್ತೇನೆ. "ಹೇಳಿದ್ರ ನೀ ಮಾತಾಡೂದು ಬಿಟ್ಟಬಿಡತಿದ್ದಿ. ನೀ ಮಾತಾಡೂದು ನೋಡಾಕ ನನಗ ಛಲೋ ಅನಸತೈತಿ."

ನೋಡುವುದಕ್ಕೆ! ನಾನು ಏಳು ವರ್ಷ ಗಂಟಲು ಹರಿದುಕೊಂಡದ್ದು ನಿಮಗೆ ನೋಡುವುದಕ್ಕೆ! ಕಲ್ಲಿನಂಥ ಮನುಷ್ಯ ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದೆನಲ್ಲ, ಆ ಪಾಪವನ್ನು ನನ್ನ ಕೈಯಿಂದ ಯಾಕೆ ಮಾಡಿಸಿದಿರಿ?

ಮರುದಿನ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಲೋಕಾಪುರ ಬಂದಾಗ ಬನಹಟ್ಟಿಯ ಮನೆಗೆ ಬಂದು ಅಡಿಗೆಗೆ ನಿಲ್ಲುವುದು ನನ್ನಿಂದ ಆಗುವುದಿಲ್ಲ ಅನ್ನಿಸಿತು, ಇಳಿದೆ. ಅದರ ಕಾರಣ ನೀವು ತಿಳಿದದ್ದಲ್ಲ. ಇದನ್ನು ಎದುರಿಗೆ ಹೇಳಬೇಕೆಂದರೆ ಕೂಗಿ ಹೇಳಬೇಕು. ಇದು ಕೂಗಿ ಹೇಳುವ ಮಾತಲ್ಲ.

ನಾಲ್ಕು ವರ್ಷದ ಹಿಂದೆ ನಮ್ಮವ್ವ ಮುತ್ತವ್ವ ಹೋದ ದಿನ ನೀವು ನನ್ನನ್ನು ಮೋಟರ್‌ಸೈಕಲ್ ಮೇಲೆ ಕೂಡ್ರಿಸಿಕೊಂಡು ಅನಗವಾಡಿಗೆ ಕರೆತಂದಿರಿ. ಬೀಳಗಿ ದಾಟಿದ ಮೇಲೆ ನಾನು ನಿಮ್ಮ ಬೆನ್ನಿಗೆ ಹಣೆ ಹಚ್ಚಿ ಒಂದು ಮಾತು ಕೇಳಿದೆ. ಎಂಟು ದಿನದಿಂದ ಅವ್ವ ಬಾ ಬಾ ಅನ್ನುತ್ತಿದ್ದಳು, ಮದುವೆಯ ಸೀರೆಗಳ ಕೆಲಸವಿದೆ ಎಂದು ನಾನು ಹೋಗಲಿಲ್ಲ. "ಅವ್ವ ನನ್ನ ದಾರಿ ನೋಡಕೋತ ಹೋದ್ಳು. ನಂದು ತಪ್ಪಾತೇನ್ರಿ?" ಎಂದು ಕೇಳಿದೆ. ಮೂರು ಸಲ ಕೇಳಿದೆ. ನೀವು ಏನೂ ಅನ್ನಲಿಲ್ಲ. ಹೌದು ಅನ್ನುವುದಕ್ಕೆ ಬಾಯಿ ಬರದೆ ಸುಮ್ಮನಿದ್ದಾರೆ ಎಂದು ತಿಳಿದೆ. ಅವತ್ತಿನಿಂದ ನಿಮ್ಮ ಮುಂದೆ ನಾನು ಅತ್ತಿಲ್ಲ, ಬೈದಿದ್ದೇನೆ ಅಷ್ಟೇ. ನಾಲ್ಕು ವರ್ಷ ನಾನು ಆ ಸುಮ್ಮನಿದ್ದದ್ದನ್ನೇ ಹೊತ್ತುಕೊಂಡು ತಿರುಗಿದೆ. ನಿಮಗೆ ನಾನು ಕೇಳಿದ್ದೇ ಗೊತ್ತಿರಲಿಲ್ಲ.

ಈಗ ಮತ್ತೆ ಕೇಳುತ್ತಿದ್ದೇನೆ. ಕಾಗದದ ಮೇಲೆ. ತಪ್ಪಾಯಿತೋ ಇಲ್ಲವೋ ಹೇಳಿರಿ. ಹೌದು ಅಂದರೂ ಆಯಿತು. ಆದರೆ ಉತ್ತರ ಬೇಕು. ನಕ್ಕರೆ ನಡೆಯುವುದಿಲ್ಲ.

ಶನಿವಾರ ಅಣ್ಣನನ್ನು ಕರೆದುಕೊಂಡು ಜಮಖಂಡಿಗೆ ಹೋಗಿ ಕಿವಿ ಡಾಕ್ಟರನ್ನು ಕಂಡುಬಂದೆ. ಮಗ್ಗದವರ ಕಿವಿ ಹೀಗಾಗುವುದು ಅವರಿಗೆ ಹೊಸದಲ್ಲವಂತೆ. ಹೋದದ್ದು ತಿರುಗಿ ಬರುವುದಿಲ್ಲ, ಆದರೆ ಮಷಿನು ಹಾಕಿಕೊಂಡರೆ ಎದುರಿನ ಮಾತು ಕೇಳಿಸಬಹುದು, ಮೊದಲು ಅವರನ್ನು ಕರೆತನ್ನಿ ಎಂದರು. ಬುಧವಾರ ಹತ್ತು ಗಂಟೆಗೆ ಹೆಸರು ಬರೆಸಿದ್ದೇನೆ. ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನಾಚಿಕೆಯಾಗುತ್ತದೆ, ಜನ ಏನಂದಾರು ಎಂದು ಹೇಳಬೇಡಿರಿ. ಜನ ಅನ್ನುವುದು ಹೇಗೂ ನಿಮಗೆ ಕೇಳಿಸುವುದಿಲ್ಲ.

ಈ ಪತ್ರವನ್ನು ಅಣ್ಣ ಕೈಯಾರೆ ತಂದು ಕೊಡುತ್ತಾನೆ. ಅವನಿಗೆ ಓದಲು ಕೊಡಬೇಡಿರಿ.

ಇನ್ನೂ ಸಿಟ್ಟಿನಲ್ಲಿರುವ, ಆದರೂ ನಿಮ್ಮವಳೇ ಆದ,
ಗಂಗಾಂಬಿಕಾ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಶನಿವಾರ ಆ ಡಾಕ್ಟರು, ನೀವೂ ಮಗ್ಗದ ಮಗ್ಗುಲಲ್ಲೇ ಕುಳಿತು ಇಷ್ಟು ವರ್ಷ ಲಾಳಿಗೆ ನೂಲಿನ ಕಂಡಿಕೆ ಸುತ್ತಿದವರಲ್ಲವೇ, ಬಂದದ್ದು ಬಂದಿದ್ದೀರಿ ಎಂದು ನನ್ನ ತಲೆಗೂ ಕಿವಿ ಪರೀಕ್ಷಿಸುವ ಯಂತ್ರ ಸಿಕ್ಕಿಸಿದರು. ಸಪ್ಪಳ ಕೇಳಿಸಿದಾಗ ಕೈ ಎತ್ತಿರಿ ಎಂದರು. ನಾನು ಕೈ ಎತ್ತಲು ಸಿದ್ಧವಾಗಿ ಕುಳಿತೇ ಇದ್ದೆ. ಎಡಗಿವಿ ಮುಕ್ಕಾಲು ಹೋಗಿದೆಯಂತೆ, ಬಲಗಿವಿ ಅರ್ಧ. ಈ ಎರಡು ದಿನದಿಂದ ನನಗೆ ಇದೊಂದೇ ಯೋಚನೆ, ನೀವು ಎಷ್ಟು ಸಲ ಉತ್ತರ ಕೊಟ್ಟಿದ್ದಿರೋ ಏನೋ.