ನೀವು ನನ್ನ ಮನೆಯಲ್ಲಿ ಕಂಡುಹಿಡಿದ ಗಂಡಸನ್ನು ದಯವಿಟ್ಟು ಕಳುಹಿಸಿಕೊಡಿ

ಕುಟುಂಬ ನೆರವು ಕಚೇರಿಯ ಮಾನ್ಯ ನಿರ್ದೇಶಕರೇ,

ನನ್ನ ಮನೆಯಲ್ಲಿ ಒಬ್ಬ ಗಂಡಸು ವಾಸವಾಗಿದ್ದಾನೆಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಆ ತೀರ್ಮಾನದ ಮೇಲೆ, ಒಂಟಿ ಪೋಷಕಿ ಎಂದು ನನಗೆ ಸಿಗುತ್ತಿದ್ದ ನೆರವು ನಿಂತಿದೆ. ಆ ನೆರವಿನಿಂದ ನಡೆಯುತ್ತಿದ್ದ ನನ್ನ ಆರು ವರ್ಷದ ಮಗಳ ಶಾಲೆಯ ನಂತರದ ಡೇಕೇರ್ ಕೂಡ ನಿಂತಿದೆ. ಮೊದಲಿಗೆ ನನ್ನ ಅಭಿನಂದನೆಗಳನ್ನು ಸ್ವೀಕರಿಸಬೇಕು. ಮಗಳು ಹೊಟ್ಟೆಯಲ್ಲಿದ್ದಾಗಲೇ ಎದ್ದುಹೋದ ಅವಳ ಅಪ್ಪನನ್ನು ನಾನೂ, ನನ್ನ ಅಣ್ಣನೂ ಊರೆಲ್ಲ ಹುಡುಕಿ ಸುಸ್ತಾಗಿದ್ದೆವು. ಪರಿಶೀಲನೆಗೆ ಬಂದ ನಿಮ್ಮ ಮೇಡಂ ಹೊಸ್ತಿಲನ್ನೂ ದಾಟದೆ ಗಂಡಸೊಬ್ಬನನ್ನು ಪತ್ತೆ ಹಚ್ಚಿಬಿಟ್ಟರು. ಇಂಥ ಚುರುಕಿನವರು ನೆರವು ಕಚೇರಿಯಲ್ಲಿ ಕೊಳೆಯುತ್ತಿರುವುದು ನಿಜಕ್ಕೂ ಅನ್ಯಾಯ.

ನಾನು ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವಳು. ಕಿಟಕಿಯಿಲ್ಲದ ನೆಲಮಾಳಿಗೆ. ಅಲ್ಲಿ ಒದ್ದೆ ಬಟ್ಟೆ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಗರಿಗರಿಯಾಗಿ ಬರುತ್ತದೆ. ನಾವು ಒಂದು ಬಾಗಿಲಿನಿಂದ ಗರಿಗರಿಯಾಗಿ ಹೋಗಿ ಇನ್ನೊಂದು ಬಾಗಿಲಿನಿಂದ ಒದ್ದೆಯಾಗಿ ಬರುತ್ತೇವೆ. ನಿಮ್ಮ ಇಲಾಖೆಯ ಸಭೆಗಳು ನಮ್ಮ ಹೋಟೆಲಿನಲ್ಲೇ ನಡೆಯುತ್ತವೆ. ‘ಒಂಟಿ ತಾಯಂದಿರ ಸ್ವಾವಲಂಬನೆ’ ಎಂಬ ವಿಷಯದ ಮೇಲೆ ನೀವು ಭಾಷಣ ಮಾಡಿದ ಮೇಜಿಗೆ ಹಾಸಿದ್ದ ಬಟ್ಟೆಯನ್ನು ಇಸ್ತ್ರಿ ಮಾಡಿದವಳು ನಾನು. ನೀವು ಅದರ ಮೇಲೆ ಕಾಫಿ ಚೆಲ್ಲಿದ್ದಿರಿ. ಕಲೆ ಹೋಯಿತು, ಚಿಂತೆ ಬೇಡ.

ಈಗ ಆ ಗಂಡಸಿನ ವಿಷಯ. ಅವನು ನನ್ನ ಮನೆಯ ಬಾಗಿಲ ಹೊರಗೆ ಇರುತ್ತಾನೆ. ಅವನಿಗೆ ಮುಖವಿಲ್ಲ, ಮೈಯಿಲ್ಲ, ಎರಡು ಪಾದವೂ ಇಲ್ಲ. ಇರುವುದು ಒಂದು ಜೊತೆ ಕಪ್ಪು ಶೂ ಮಾತ್ರ. ಮಗಳು ಆಗಷ್ಟೇ ನಡೆಯಲು ಕಲಿತಿದ್ದಾಗ, ಒಂದು ಸಂಜೆ ನಾನು ಅವಳಿಗೆ ಊಟ ಮಾಡಿಸುತ್ತಿದ್ದೆ. ಯಾರೋ ಬಾಗಿಲು ತಟ್ಟಲೂ ಇಲ್ಲ, ಕರೆಯಲೂ ಇಲ್ಲ, ಸುಮ್ಮನೆ ಹೊರಗಿನಿಂದ ಹಿಡಿಯನ್ನು ತಿರುಗಿಸಿದರು. ಒಮ್ಮೆ ತಿರುಗಿಸಿ, ನಿಂತು, ಮತ್ತೆ ತಿರುಗಿಸಿದರು. ನಾನು ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿ ಕುಳಿತೆ. ಹೆಜ್ಜೆ ಸದ್ದು ಮೆಟ್ಟಿಲಿಳಿದು ಹೋಯಿತು. ಮರುದಿನ ಲಾಂಡ್ರಿಯಲ್ಲಿ ಇದನ್ನು ಹೇಳಿದಾಗ, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವ ಹಿರಿಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದಳು.

“ಗಂಡಸಿಲ್ಲದ ಮನೆ ಅಂತ ಗೊತ್ತಾಗಿದೆ ಕಣೇ, ಅದಕ್ಕೆ,” ಎಂದಳು. “ಶೂ ಇಡು. ಹೊಸದು ಬೇಡ, ಯಾರೂ ನಂಬಲ್ಲ. ಹಿಮ್ಮಡಿ ಸವೆದಿರ್ಬೇಕು.”

ನಮ್ಮ ಲಾಂಡ್ರಿಯಲ್ಲಿ ಈ ಶೂಗಳಿಗೆ ಒಂದು ವಂಶಾವಳಿಯೇ ಇದೆ, ನಿರ್ದೇಶಕರೇ. ಯಾರೋ ಅತಿಥಿ ಕೋಣೆಯಲ್ಲಿ ಬಿಟ್ಟುಹೋದದ್ದು. ವಾರಸುದಾರ ಬರಲಿಲ್ಲ. ಮೊದಲು ದೊಡ್ಡಕ್ಕನ ಬಾಗಿಲಲ್ಲಿದ್ದವು. ಅವಳ ಮಗ ದೊಡ್ಡವನಾಗಿ, ಅವನದೇ ಶೂ ಹೊಸ್ತಿಲಿಗೆ ಬಂದ ಮೇಲೆ, ಬಟ್ಟೆ ಮಡಿಸುವ ವಿಭಾಗದ ವಿಧವೆಯ ಮನೆಗೆ ಹೋದವು. ಅಲ್ಲಿಂದ ನನ್ನ ಮನೆಗೆ. ನಿಮ್ಮ ಕಚೇರಿಯ ಲೆಕ್ಕದಲ್ಲಿ ಈ ಮಹಾಪುರುಷ ಮೂರು ಸಂಸಾರ ಮಾಡಿದ್ದಾನೆ, ಒಂದರಲ್ಲೂ ಒಂದು ತುತ್ತು ಉಂಡವನಲ್ಲ, ಒಬ್ಬಳ ಮೇಲೂ ಕೈ ಎತ್ತಿದವನಲ್ಲ. ಇಷ್ಟು ಒಳ್ಳೆಯ ಗಂಡ ನಮ್ಮ ಪೈಕಿ ಯಾರಿಗೂ ಸಿಕ್ಕಿರಲಿಲ್ಲ. ನನ್ನನ್ನು ಬಿಟ್ಟುಹೋದವನ ಪಾದ ಇದಕ್ಕಿಂತ ಚಿಕ್ಕದು.

ಶೂಗಳನ್ನು ಸುಮ್ಮನೆ ಇಟ್ಟರೆ ಸಾಲದು. ಒಂದೇ ಜಾಗದಲ್ಲಿ ಧೂಳು ಹಿಡಿದು ಕೂತರೆ ಯಾರಿಗಾದರೂ ಗೊತ್ತಾಗುತ್ತದೆ. ಹಾಗಾಗಿ ಕೆಲಸಕ್ಕೆ ಹೊರಡುವಾಗ ಒಂದನ್ನು ಸ್ವಲ್ಪ ಓರೆ ಮಾಡುತ್ತೇನೆ. ಮಳೆ ಬಂದ ದಿನ ಅಡಿಗೆ ಕೆಸರು ಮೆತ್ತುತ್ತೇನೆ. ಭಾನುವಾರ ಪಾಲಿಶ್. ಮಗಳಿಗೆ ಮಾತು ಬಂದ ಮೇಲೆ ಅವಳಿಗೂ ಪಾಠವಾಯಿತು. ನಾನು ಹೊರಗೆ ನಿಂತು ದಪ್ಪ ದನಿಯಲ್ಲಿ ಬಾಗಿಲು ತಟ್ಟುವುದು, ಅವಳು ಸರಪಳಿ ತೆಗೆಯದೆ ಬಿರುಕಿನಲ್ಲಿ ಮುಖವಿಟ್ಟು ಹೇಳುವುದು: “ಅಪ್ಪ ಒಳಗೆ ಮಲಗಿದ್ದಾರೆ. ಎಬ್ಬಿಸಿದ್ರೆ ಸಿಟ್ಟು ಬರುತ್ತೆ.” ಮೊದಮೊದಲು ನಗು ತಡೆಯಲಾಗದೆ ಕಿಸಕ್ಕೆನ್ನುತ್ತಿದ್ದಳು. ನಾನು ಗದರಿಸಿ ಗದರಿಸಿ ನಗು ಬಿಡಿಸಿದೆ. ಕೊನೆಗೆ ಎಷ್ಟು ಚೆನ್ನಾಗಿ ಹೇಳತೊಡಗಿದಳೆಂದರೆ, ಒಮ್ಮೊಮ್ಮೆ ನಾನೇ ಕೋಣೆಯ ಕಡೆ ತಿರುಗಿ ನೋಡುತ್ತಿದ್ದೆ.

ನಿಮ್ಮ ಮೇಡಂ ಬಂದ ದಿನ ಮಗಳಿಗೆ ಜ್ವರ. ಜ್ವರದ ಮಕ್ಕಳನ್ನು ಡೇಕೇರಿನವರು ಇಟ್ಟುಕೊಳ್ಳುವುದಿಲ್ಲ, ಅದು ಅವರ ನಿಯಮ. ರಜೆ ಹಾಕಿದರೆ ನಮ್ಮ ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾನೆ, ಅದು ಅವನ ನಿಯಮ. ರಜೆ ಹಾಕಿದೆ. ಅವಳನ್ನು ಮಲಗಿಸಿ, ಬಾಗಿಲು ಹಾಕಿಕೊಳ್ಳಲು ಹೇಳಿ, ಕಟ್ಟಡದ ಕೆಳಗೇ ಇರುವ ಔಷಧಿ ಅಂಗಡಿಗೆ ಇಳಿದೆ. ಆ ಹೊತ್ತಿಗೆ ಸರಿಯಾಗಿ ನಿಮ್ಮ ಮೇಡಂ ಮೇಲೆ ಹತ್ತಿದ್ದಾರೆ. ಶೂ ನೋಡಿದ್ದಾರೆ. ಬಾಗಿಲು ತಟ್ಟಿದ್ದಾರೆ. ಜ್ವರದಲ್ಲಿ ಕುದಿಯುತ್ತಿದ್ದ ಮಗು ಎದ್ದು ಬಂದು, ಬಿರುಕಿನಲ್ಲಿ ಮುಖವಿಟ್ಟು, ಒಂದಕ್ಷರ ತಪ್ಪದೆ ತನ್ನ ಪಾಠ ಒಪ್ಪಿಸಿದೆ. ನಾನು ಗುಳಿಗೆ ಹಿಡಿದು ಮೆಟ್ಟಿಲು ಹತ್ತುವಾಗ ಆ ಮೇಡಂ ಇಳಿಯುತ್ತಿದ್ದರು. ನನ್ನನ್ನು ನೋಡಿ ಮುಗುಳ್ನಕ್ಕರು. ಯಾರದೋ ಮನೆಗೆ ಬಂದ ನೆಂಟರೆಂದುಕೊಂಡು ನಾನೂ ನಕ್ಕೆ. ಮಗಳು ಬಾಗಿಲಲ್ಲೇ ಕಾದಿದ್ದಳು. “ಅಮ್ಮಾ, ಯಾರೋ ಬಂದಿದ್ರು. ನಾನು ಚೆನ್ನಾಗಿ ಹೇಳ್ದೆ,” ಎಂದಳು. ನಾನು ಅವಳನ್ನು ತಬ್ಬಿಕೊಂಡು ಮುದ್ದಿಟ್ಟೆ.

ನಿಮ್ಮ ಕಚೇರಿಯಿಂದ ಬಂದ ತೀರ್ಮಾನದಲ್ಲಿ ನನ್ನ ಮೇಲೆ ಎರಡು ಆರೋಪಗಳಿದ್ದವು. ಮನೆಯಲ್ಲಿ ಗಂಡಸೊಬ್ಬ ವಾಸವಾಗಿದ್ದಾನೆ ಎಂಬುದು ಒಂದು. ಭೇಟಿಯ ವೇಳೆ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಲಾಗಿತ್ತು ಎಂಬುದು ಇನ್ನೊಂದು. ನಿಧಾನವಾಗಿ ಓದಿ, ಸ್ವಾಮಿ, ನಿಮ್ಮ ಕಚೇರಿಯಲ್ಲಿ ಯಾರೂ ಹಾಗೆ ಓದಿದ್ದಂತೆ ಕಾಣುವುದಿಲ್ಲ. ನಿಮ್ಮ ಮೇಡಂ ಒಳಗೆ ಯಾಕೆ ಹೋಗಲಿಲ್ಲ? ಅದೇ ಕಾಗದದಲ್ಲಿದೆ, ದೊಡ್ಡವರಿಲ್ಲದ ಮನೆಗೆ ಅಧಿಕಾರಿಗಳು ಕಾಲಿಡುವಂತಿಲ್ಲವಂತೆ. ಅಂದರೆ ಮನೆಯಲ್ಲಿ ದೊಡ್ಡವರಿಲ್ಲವೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ದೊಡ್ಡವನೊಬ್ಬ ಮಲಗಿದ್ದಾನೆಂದು ಬರೆದರು. ಹೊಸ್ತಿಲು ದಾಟದಿರಲು ನನ್ನ ಮಗಳು ಒಂಟಿ. ನೆರವು ಕಿತ್ತುಕೊಳ್ಳಲು ಅವಳು ಅಪ್ಪನಿರುವ ಮಗು. ನನ್ನ ತಲೆ ತೆಗೆಯಲು ಮತ್ತೆ ಒಂಟಿ. ಒಂದೇ ಬಾಗಿಲ ಬಿರುಕಿನಲ್ಲಿ ಒಂದೇ ಮಗುವನ್ನು ಬೇಕುಬೇಕಾದಂತೆ ತಿರುಗಿಸಿ ನೋಡುವ ಈ ವಿದ್ಯೆಗೆ ನಿಮ್ಮಲ್ಲಿ ತರಬೇತಿ ಕೊಡುತ್ತೀರೋ, ಅಥವಾ ಹುಟ್ಟಿನಿಂದಲೇ ಬಂದವರನ್ನು ಆರಿಸಿಕೊಳ್ಳುತ್ತೀರೋ?

ನಾನು ನಿಮ್ಮ ಕಚೇರಿಗೆ ಬಂದೆ. ಕಾಯುವ ಕೋಣೆಯ ಗೋಡೆಯ ಮೇಲೆ ದೊಡ್ಡ ಚಿತ್ರವಿದೆ. ನಗುವ ತಾಯಿ, ನಗುವ ಮಗು, ಹಿಂದೆ ಬಿಸಿಲು. ಅದರ ಕೆಳಗೆ ಕೂತ ತಾಯಂದಿರಲ್ಲಿ ಒಬ್ಬಳೂ ನಗುತ್ತಿರಲಿಲ್ಲ. ಮಕ್ಕಳು ಅಳುತ್ತಿದ್ದವು. ಮೇಲ್ಮನವಿಯ ಗುಮಾಸ್ತರ ಮುಂದೆ ನಾನು ಶೂಗಳನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ಮೂಗು ಹಿಡಿದುಕೊಂಡು ಕೇಳಿದರು.

“ಮಕ್ಕಳು ಸುಳ್ಳು ಹೇಳಲ್ಲಮ್ಮ,” ಎಂದರು.

“ನಾನೇ ಹೇಳ್ಕೊಟ್ಟಿದ್ದು ಸಾರ್. ನಾವಿಬ್ರೇ ಇರ್ತೀವಿ ಅಂತ ಗೊತ್ತಾದ್ರೆ ಯಾರು ಬರ್ತಾರೋ ಏನೋ ಅಂತ ಭಯ.”

“ಓಹೋ, ಹಾಗಾದ್ರೆ ಮಗುಗೆ ಸುಳ್ಳು ಕಲಿಸಿದ್ದೀರಿ. ಅದನ್ನೂ ಬರ್ಕೊಳ್ಳಾ?”

“ಆ ಗಂಡಸು ಇಲ್ಲ ಸಾರ್. ಇಲ್ಲದವನನ್ನ ಇಲ್ಲ ಅಂತ ಹೇಗೆ ತೋರಿಸ್ಲಿ?”

ಅವರು ಬಹಳ ಕರುಣೆಯಿಂದ ಮುಂದೆ ಬಾಗಿದರು. “ಸುಲಭ ಅಲ್ವೇನಮ್ಮ? ನಾನು ಆ ಮನೇಲಿ ವಾಸ ಇಲ್ಲ ಅಂತ ಅವರ ಕೈಲೇ ಬರೆಸಿ, ಸಹಿ ಹಾಕಿಸ್ಕೊಂಡು ಬನ್ನಿ.”

ನಾನು ಶೂಗಳನ್ನು ಎತ್ತಿಕೊಂಡು ಮನೆಗೆ ಬಂದೆ. ದಾರಿಯಲ್ಲಿ ಬಸ್ಸಿನಲ್ಲಿ ಅವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದ ಮುದುಕಿ ನೋಡಿ, “ಯಜಮಾನ್ರು ಆಸ್ಪತ್ರೇಲಾ ಮಗಳೇ?” ಎಂದು ಕೇಳಿತು. ಹೌದು ಅಜ್ಜಿ ಎಂದೆ. ಪಾಪ, ಅದು ನನ್ನ ಕೈ ಸವರಿತು. ನಿಮ್ಮ ಇಡೀ ಇಲಾಖೆಯಿಂದ ನನಗೆ ಸಿಗದ ಅನುಕಂಪ ಒಂದು ಸುಳ್ಳಿಗೆ ಸಿಕ್ಕಿತು.

ಆಮೇಲೆ ಏನಾಯಿತೆಂದು ಕೇಳುವ ಪುರುಸೊತ್ತು ನಿಮಗಿಲ್ಲ, ಆದರೂ ಹೇಳುತ್ತೇನೆ. ಡೇಕೇರಿನ ಆಯಾ ಒಳ್ಳೆಯವಳು. ಮಗಳ ನೀರಿನ ಬಾಟಲಿ, ಚಿತ್ರದ ಹಾಳೆ, ಸಣ್ಣ ದಿಂಬು ಎಲ್ಲವನ್ನೂ ಚೀಲಕ್ಕೆ ತುಂಬಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಗಳನ್ನು ಎಲ್ಲಿ ಬಿಡುವುದು? ಪಾಳಿ ಕಡಿಮೆ ಮಾಡಿಸಿಕೊಳ್ಳಲು ನೋಡಿದೆ. ಪಾಳಿ ಕಡಿಮೆಯಾದರೆ ನಾನು ‘ದುಡಿಯುವ ಪೋಷಕಿ’ ಎನಿಸಿಕೊಳ್ಳುವುದಿಲ್ಲವಂತೆ, ಮುಂದೆ ಎಂದಾದರೂ ನೆರವು ಕೇಳುವ ಹಕ್ಕೂ ಹೋಗುತ್ತದಂತೆ. ನೆರವಿಗಾಗಿ ದುಡಿಯಬೇಕು, ದುಡಿಯಲು ಡೇಕೇರ್ ಬೇಕು, ಡೇಕೇರಿಗೆ ನೆರವು ಬೇಕು. ಗಾಣಕ್ಕೆ ಕಟ್ಟಿದ ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ನಮಗೆ ಎಲ್ಲವೂ ಕಾಣುವಂತೆ ಬಿಟ್ಟಿದ್ದೀರಿ.

ಹಾಗಾಗಿ ಈಗ ನನ್ನ ಮಗಳು ಶಾಲೆಯಿಂದ ಬಂದು, ಕೊರಳಲ್ಲಿ ನೇತುಹಾಕಿದ ಬೀಗದ ಕೈಯಿಂದ ತಾನೇ ಬಾಗಿಲು ತೆಗೆದು, ಒಳಗಿನಿಂದ ಸರಪಳಿ ಹಾಕಿಕೊಂಡು, ನಾನು ಬರುವವರೆಗೆ ಒಬ್ಬಳೇ ಇರುತ್ತಾಳೆ. ಒಲೆ ಮುಟ್ಟಬಾರದು, ಕಿಟಕಿಯ ಹತ್ತಿರ ಹೋಗಬಾರದು, ಯಾರು ತಟ್ಟಿದರೂ ತೆಗೆಯಬಾರದು. ನಿಮ್ಮ ಎರಡನೆಯ ಆರೋಪ ಅಂದು ಗುಳಿಗೆ ತರುವಷ್ಟು ಹೊತ್ತಿನದಾಗಿತ್ತು, ಇಂದು ನೀವೇ ಅದನ್ನು ದಿನನಿತ್ಯದ ನಿಜ ಮಾಡಿದ್ದೀರಿ. ಬರೆದುಕೊಳ್ಳಲು ಮೇಡಂ ಅವರನ್ನು ಕಳುಹಿಸಿ. ನಿಮ್ಮ ಮಕ್ಕಳನ್ನು ಶಾಲೆಯಿಂದ ಕರೆತರುವವಳು ಯಾರು, ನಿರ್ದೇಶಕರೇ? ಅವಳು ನಿಮ್ಮ ಮಕ್ಕಳ ಕೈ ಹಿಡಿದು ರಸ್ತೆ ದಾಟಿಸುವ ಹೊತ್ತಿನಲ್ಲಿ ಅವಳ ಮಗುವಿನ ಕೈ ಯಾರು ಹಿಡಿದಿರುತ್ತಾರೆಂದು ಒಮ್ಮೆಯಾದರೂ ಕೇಳಿದ್ದೀರಾ? ಕೇಳಬೇಡಿ. ಅವಳ ಬಾಗಿಲಲ್ಲೂ ಶೂಗಳಿರಬಹುದು.

ನಾನು ಸಾಧ್ವಿಯಲ್ಲ. ತೀರ್ಮಾನ ಬಂದ ದಿನ ನನ್ನ ಸಿಟ್ಟು ನಿಮ್ಮ ತನಕ ಮುಟ್ಟಲಿಲ್ಲ, ಕೈಗೆ ಸಿಕ್ಕ ಮಗಳ ಮೇಲೆ ಹೋಯಿತು. “ಆ ಹೆಂಗಸಿಗೆ ಯಾಕೆ ಹೇಳ್ದೆ? ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ?” ಎಂದು ಕೂಗಿ ಅವಳ ಬೆನ್ನಿಗೆ ಹೊಡೆದೆ. ಹೇಳಿಕೊಟ್ಟದ್ದನ್ನು ಹೇಳಿದ್ದಕ್ಕೆ ಮುದ್ದು ಕೊಟ್ಟ ಕೈಯೇ ಹೊಡೆಯಿತು. ಅವಳು ಅಳಲಿಲ್ಲ. ಹೊರಗೆ ಹೋಗಿ, ಓರೆಯಾಗಿದ್ದ ಶೂಗಳನ್ನು ನೆಟ್ಟಗೆ ಜೋಡಿಸಿಟ್ಟು ಬಂದಳು.

ಈಗ ನನ್ನ ಬೇಡಿಕೆ. ನನ್ನ ಮನೆಯಲ್ಲಿ ಗಂಡಸಿಲ್ಲ ಎಂದು ಒಪ್ಪಿಕೊಂಡು ಮಗಳ ಡೇಕೇರ್ ಜಾಗವನ್ನು ವಾಪಸು ಕೊಡಿಸಿ. ಒಪ್ಪಿಕೊಳ್ಳಲು ಮರ್ಯಾದೆ ಅಡ್ಡ ಬಂದರೆ, ಆ ಗಂಡಸನ್ನೇ ಕಳುಹಿಸಿಕೊಡಿ. ನಿಮ್ಮ ಕಡತದಲ್ಲಿ ಅವನಿದ್ದಾನಲ್ಲ, ಅಲ್ಲಿಂದ ಎಬ್ಬಿಸಿ. ಸಿಟ್ಟು ಬಂದರೆ ಬರಲಿ. ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ನಿಂತು ಮಗಳ ಚೀಲ ಹಿಡಿದುಕೊಂಡರೆ ಸಾಕು, ನನಗೆ ಅವನಿಂದ ಬೇರೇನೂ ಬೇಡ. ಶೂ ಸಿದ್ಧವಾಗಿವೆ.

ಇವೆರಡೂ ಆಗದಿದ್ದರೆ ಒಂದು ಪ್ರಶ್ನೆಗಾದರೂ ಉತ್ತರ ಕೊಡಿ. ಮೊನ್ನೆ ರಜೆಯ ದಿನ ನಾನು ಮನೆಯಲ್ಲಿದ್ದಾಗ ಯಾರೋ ಬಾಗಿಲು ತಟ್ಟಿದರು. ಮಗಳು ಓಡಿಹೋಗಿ, ಸರಪಳಿಯ ಮೇಲೆ ಕೈಯಿಟ್ಟು, ಹಾಗೇ ನಿಂತುಬಿಟ್ಟಳು. ನನ್ನ ಕಡೆ ತಿರುಗಿ ಪಿಸುಗುಟ್ಟಿದಳು:

“ಅಮ್ಮಾ, ಇವರಿಗೆ ಅಪ್ಪ ಇದ್ದಾರೆ ಅನ್ಲಾ, ಇಲ್ಲ ಅನ್ಲಾ?”

ಯಾರಿಗೆ ಏನು ಹೇಳಬೇಕೆಂದು ನೀವೇ ತಿಳಿಸಿ. ಗದರಿಸಿ, ಹೊಡೆದು, ಹೇಗಾದರೂ ಅವಳಿಗೆ ಬಾಯಿಪಾಠ ಮಾಡಿಸುತ್ತೇನೆ.

ಇಂತಿ,
ತಮ್ಮ ಕಡತದಲ್ಲಿ ಮಾತ್ರ ಗಂಡನೊಂದಿಗೆ ಸುಖವಾಗಿರುವ,
ಹೋಟೆಲ್ ಲಾಂಡ್ರಿಯ ಇಸ್ತ್ರಿಯವಳು