ಅಪ್ಪನ ಕಂಬಳಿಯ ಉಣ್ಣಿ

ಟಿ.ಬಿ. ಡ್ಯಾಂ, ಹೊಸಪೇಟೆ
17 ನವೆಂಬರ್ 2024

ಪ್ರೀತಿಯ ಅವ್ವ,

ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಸೋಲುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಊಟ ಮುಗಿಸಿಕೊಂಡು ಓದು.

ಮೊಮ್ಮಗಳ ತೊಟ್ಟಿಲಿಗೆ ಹಾಸಲೆಂದು ದರೋಜಿಯಿಂದ ಅಪ್ಪನ ಕಂಬಳಿ ಕಳಿಸಿದೆಯಲ್ಲ? ಅಪ್ಪ ತೀರಿಕೊಂಡ ಮೇಲೂ ಅದು ಕುರಿಹಟ್ಟಿಯಲ್ಲೇ ಬಿದ್ದಿತ್ತೆಂದು ನೀನು ಹೇಳಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವುದು ನಾಮಕರಣದ ದಿನ ತಾನೇ, ಅಲ್ಲಿಯವರೆಗೆ ನಾನೇ ಹೊದೆಯುತ್ತೇನೆ ಎಂದು ನಿನ್ನ ಅಳಿಯ ಪಂಪೇಶ್ ಎಳೆದುಕೊಂಡ. ನಾಲ್ಕೇ ದಿನಕ್ಕೆ ಅವನ ಉಡಿದಾರದ ಕೆಳಗೆ ಹರಳುಬೀಜದಷ್ಟು ಊದಿದ ಉಣ್ಣಿ. ಥೂ! ನೀನು ಕುರಿಯ ಕಿವಿಯಿಂದ ಕಿತ್ತು ಹೆಬ್ಬೆರಳ ಉಗುರಿನಲ್ಲಿ ಚಟ್ಟೆಂದು ಕುಕ್ಕುತ್ತೀಯಲ್ಲ, ಅವನೂ ಹಾಗೇ ಮಾಡಿದ. ರಕ್ತ ನನ್ನ ದಿಂಬಿಗೆ ಸಿಡಿಯಿತು. ದಿಂಬು ಎಸೆದೆ. ಈಗಲೂ ಅನ್ನ ಕಲಸುವಾಗ ಅದೇ ನೆನಪಾಗಿ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ವಾರದೊಳಗೆ ಅವನಿಗೆ ಜ್ವರ, ತಲೆಸಿಡಿತ, ಅಂಗೈ ಅಂಗಾಲಿಗೆಲ್ಲ ಕೆಂಪು ಚುಕ್ಕೆ. ಉಣ್ಣಿ ಕಚ್ಚಿ ಬಂದ ಜ್ವರ ಎಂದರು ಡಾಕ್ಟರು. ಬೇಗ ಹೋಗಿದ್ದಕ್ಕೆ ಮಾತ್ರೆಯಲ್ಲೇ ಇಳಿಯಿತು. ಆ ಉಣ್ಣಿ ಕೂಸಿಗೆ ಹತ್ತಿದ್ದರೆ?

ಅದು ತಿಂಗಳುಗಟ್ಟಲೆ ಉಪವಾಸವಿದ್ದು ನೇಯ್ಗೆಯಲ್ಲಿ ಅಡಗಿರುತ್ತದಂತೆ. ಇನ್ನು ಮೇಲೆ ಉಗುರಲ್ಲಿ ಕುಕ್ಕಬೇಡ, ಆ ರಕ್ತದಿಂದಲೂ ರೋಗ ಹತ್ತುತ್ತದೆ. ಬೀಡಿಯಲ್ಲಿ ಸುಡುವುದೂ ಬೇಡ, ಸೀಮೆಎಣ್ಣೆಯೂ ಬೇಡ. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆ, ಆಮೇಲೆ ಸೋಪು ಹಚ್ಚಿ ಕೈ ತೊಳೆ. ಹಟ್ಟಿಯ ಗೋಡೆಯ ಬಿರುಕು ಮೆತ್ತಿಸು. ಕುರಿಗಳಿಗೆ ಪಶುವೈದ್ಯರಿಂದ ಔಷಧಿ ಹಾಕಿಸು. ಹಟ್ಟಿಯಿಂದ ಬಂದ ಕೂಡಲೇ ಸ್ನಾನ ಮಾಡಿ ಕಿವಿಯ ಹಿಂದೆ, ಕಂಕುಳಲ್ಲಿ ತಡವಿ ನೋಡಿಕೋ. ಮೊನ್ನೆ ಫೋನಿನಲ್ಲಿ ನೀನು, ‘ಉಣ್ಣಿ ಕಡಿದ್ರ ಯಾರರ ಸಾಯ್ತಾರೇನವ್ವಾ, ಭಾಳ ಹೇಸ್ಕಿ ಪಡಬ್ಯಾಡ’ ಎಂದೆ. ಸಾಯುತ್ತಾರವ್ವ.

ಕಂಬಳಿ ಸುಟ್ಟುಹಾಕಿದೆ. ಇಷ್ಟೆಲ್ಲ ಮಾಡುವವರೆಗೆ ನಾಮಕರಣಕ್ಕೂ ಬರಬೇಡ. ಆ ಉಗುರಿನಿಂದ ನನ್ನ ಮಗಳನ್ನು ಮುಟ್ಟಬೇಡ.

ಸಿಟ್ಟಿನಲ್ಲಿರುವ ನಿನ್ನ ಮಗಳು,
ಸುಕನ್ಯಾ

ತಾ.ಕ.: ಕಂಬಳಿ ಸುಟ್ಟಿಲ್ಲ. ಕಡ್ಡಿ ಗೀರಿದಾಗ ಅಪ್ಪ ಕೆಂಪು ದಾರದಲ್ಲಿ ಹೊಲಿದಿದ್ದ ಮೂಲೆ ಕಾಣಿಸಿತು. ಕುದಿನೀರು ಸುರಿದು ಸುರಿದು ಮಾಳಿಗೆಯ ಮೇಲೆ ಒಣಹಾಕಿದ್ದೇನೆ. ಇನ್ನೂ ಕುರಿಯ ವಾಸನೆ, ಅಪ್ಪನ ವಾಸನೆ. ಹೇಸಿಗೆಯಾಯಿತು, ಆದರೂ ಮತ್ತೆ ಮೂಸಿದೆ. ನಾಮಕರಣದ ದಿನ ನಿನಗೂ ಬಿಸಿನೀರು ಕಾಯಿಸಿಡುತ್ತೇನೆ. ಬಂದವಳೇ ಬಚ್ಚಲಿಗೆ ಹೋಗು, ಕೂಸು ಆಮೇಲೆ.