ಮೂವರ ನೀರು ಕುಡಿದ ಗುಲಾಬಿ

ಹಿತ್ತಲ ಮೆಟ್ಟಿಲು,
ಏಪ್ರಿಲ್ ೧೪, ಭಾನುವಾರ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಬಾಣಂತಿ ಅಕ್ಕ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳಾ? ರಾತ್ರಿಯೆಲ್ಲ ನಿನ್ನನ್ನು ಕೂರಿಸಿ ಹಗಲು ನಿದ್ದೆ ಹೊಡೆಯುವ ಆ ಪುಟ್ಟ ಯಜಮಾನನಿಗೆ ಚಿಕ್ಕಮ್ಮನ ಮುತ್ತು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಪಕ್ಕದಲ್ಲೇ ಇರುತ್ತಾರೆ.

ಇವತ್ತು ಬೆಳಿಗ್ಗೆ ಅಪ್ಪನ ಚಪ್ಪಲಿಗೆ ಹಸಿಮಣ್ಣು ಮೆತ್ತಿಕೊಂಡಿತ್ತು. ಹಿತ್ತಲಲ್ಲಿ ನಿನ್ನ ಸೇವಂತಿಗೆ, ಗುಲಾಬಿ ಎಲ್ಲ ಸತ್ತುಹೋದಾಗ "ಬಿಸಿಲಿಗೆ ಕಾದ ಈ ಬಾಣಲೆಯಲ್ಲಿ ಏನು ಬೆಳೆಯುತ್ತೆ? ಸಿಮೆಂಟ್ ಹಾಕಿಸಿಬಿಡೋಣ" ಎಂದವರು ಅವರೇ. ನಾಳೆ ಬರಲು ಮೇಸ್ತ್ರಿಗೂ ಹೇಳಿದ್ದಾರೆ. "ನಿಮ್ಮಿಷ್ಟ" ಎಂದು ಫೋನ್ ಇಟ್ಟಾಗ ನಿನ್ನ ದನಿ ಹೇಗಿತ್ತೆಂದು ನಾನು ಮರೆತಿಲ್ಲ. ಅಂಥವರ ಚಪ್ಪಲಿಗೆ ಹಿತ್ತಲ ಮಣ್ಣು ಯಾಕೆ? ಹೋಗಿ ನೋಡಿದರೆ ಸತ್ತ ಗುಲಾಬಿಯ ಬುಡ ಒದ್ದೆ. ಕಿತ್ತು ನೋಡಿದೆ, ಬೇರು ಕಪ್ಪಗೆ ಕೊಳೆತು ನಾರುತ್ತಿತ್ತು. ಬಿಸಿಲಿಗೆ ಸತ್ತ ಗಿಡದ ಬೇರು ಕೊಳೆಯುತ್ತದೆಯೇ? ಅಜ್ಜಿಯನ್ನು ಕೇಳಿದೆ. ಅಜ್ಜಿ ಮೊದಲು ಸೀಲಿಂಗ್ ಫ್ಯಾನ್ ನೋಡಿದರು. ಆಮೇಲೆ, "ಮಧ್ಯಾಹ್ನ ನಾನೂ ಒಂದೆರಡು ಚೊಂಬು ಹಾಕ್ತಿದ್ದೆ ಕಣೇ. ಅವರಿಬ್ಬರನ್ನ ನಂಬಬೇಡಿ, ನೀವೇ ಹಾಕಿ ಅಂತ ನಿಮ್ಮಮ್ಮ ಹೇಳಿಹೋಗಿದ್ಲು" ಎಂದರು.

ಅಮ್ಮಾ, ನನಗೂ ನೀನು ಹೇಳಿಹೋದದ್ದು ಅದನ್ನೇ. ಅಪ್ಪನಿಗೂ ಹೇಳಿರಬೇಕು. ಅವರು ಬೆಳಿಗ್ಗೆ, ಅಜ್ಜಿ ಮಧ್ಯಾಹ್ನ, ನಾನು ಸಂಜೆ. ಒಬ್ಬರಿಗೊಬ್ಬರು ಹೇಳದೆ ಮೂವರೂ ಸೇರಿ ನಿನ್ನ ಗಿಡಗಳನ್ನು ನಿಷ್ಠೆಯಿಂದ ಮುಳುಗಿಸಿದೆವು. ಪಾಪ, ಬಿಸಿಲಿಗೆ ಸುಮ್ಮನೆ ಕೆಟ್ಟ ಹೆಸರು.

ಹತ್ತು ಗಂಟೆಗೆ ಅಜ್ಜಿಯನ್ನು ಕರೆದುಕೊಂಡು ನರ್ಸರಿಗೆ ಹೋದೆ. "ಸುಡುಬಿಸಿಲಿಗೆ ಜಗ್ಗಬಾರದು, ವರ್ಷಗಟ್ಟಲೆ ಬಾಳಬೇಕು, ಪದೇಪದೇ ನೀರು ಕೇಳಬಾರದು" ಎಂದೆ, ತಡವರಿಸದೆ. "ಗಿಡಾನಾ, ಗಂಡಾ?" ಎಂದಳು ನರ್ಸರಿಯಾಕೆ. "ಕೂತಲ್ಲೇ ನೀರು ಕೇಳದ ಗಂಡು ಎಲ್ಲಿ ಸಿಗ್ತಾನೆ ತಾಯಿ? ಗಿಡಾನೇ ಕೊಡು" ಎಂದರು ಅಜ್ಜಿ. ಕೆಂಡದಂತೆ ಕಾಯುವ ಹಿಂಗೋಡೆಗೆ ಕಾಗದದ ಹೂವಿನ ಬಳ್ಳಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಕೆಂಪು ದಾಸವಾಳ, ನಡುವೆ ನೀಲಿ ಸ್ಫಟಿಕದ ಹೂಗಿಡ. ಕಣಗಿಲೆ ಬೇಡವೆಂದೆ. ಅದು ವಿಷ, ಯಜಮಾನ ಅಂಬೆಗಾಲಿಕ್ಕುತ್ತ ಬಂದರೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾನೆ. ನೀರು ನಿಲ್ಲದಂತೆ ಮಣ್ಣು ಏರಿಸಿ ನೆಡಬೇಕಂತೆ. ಬೇರು ಹಿಡಿಯುವವರೆಗೆ ನೀರು ಬೇಕು, ಆಮೇಲೆ ಬೆರಳಿಳಿಸಿ ನೋಡಿ ಮಣ್ಣು ಒಣಗಿದ್ದರೆ ಮಾತ್ರ. ಮೊದಲ ವರ್ಷ ಹೂವಿಗೆ ಆತುರಪಡಬಾರದು. ಪಡುವುದಿಲ್ಲ. "ಇಷ್ಟು ಪುಸ್ತಕ ಓದಿದೋಳಿಗೆ ಬಾಯಿ ಬಂದದ್ದು ಗಿಡ ಕೊಳ್ಳೋಕೆ" ಎಂದು ಅಜ್ಜಿ ಆಟೋದಲ್ಲಿ ದಾರಿಯುದ್ದಕ್ಕೂ ನಕ್ಕರು.

ಇನ್ನು ಮೇಲೆ ನೀರಿನ ಕೆಲಸ ಅಪ್ಪನೊಬ್ಬರದೇ ಇರಲಿ. ಅವರಿಗೆ ನೀನೇ ಹೇಳು, ನಮ್ಮಿಬ್ಬರನ್ನು ನಂಬಬೇಡಿ ಅಂತ. ಚಪ್ಪಲಿಯ ಮಾತನ್ನು ನಾನು ಎತ್ತಿಲ್ಲ, ನೀನೂ ಎತ್ತಬೇಡ.

ಅಕ್ಕನಿಗೆ ನೆನಪು, ನಿನಗೆ ನಮಸ್ಕಾರ.

ನಿನ್ನ
ಚಿಕ್ಕವಳು

ತಾ.ಕ.: ನಾಳೆ ಬರಬೇಡಿ ಎಂದು ಮೇಸ್ತ್ರಿಗೆ ಈಗಷ್ಟೇ ಫೋನ್ ಮಾಡಿದೆ. ಹೌದು, ನಾನೇ. "ಅಪ್ಪಾವ್ರು ಹೇಳಿದ್ರಾ?" ಎಂದು ಕೇಳಿದರು. ಹೇಳಿದರು ಎಂದೆ. ಸತ್ತ ಗಿಡಕ್ಕೂ ಬೆಳಿಗ್ಗೆದ್ದು ನೀರು ಹಾಕುವವರು ಇನ್ನು ಹೇಗೆ ಹೇಳಬೇಕು?